‘ಬರದಿಂದ ಸತ್ತರು’ ಎಂದು ಬರೆದು ಅಳಿಸಿದ್ದು

ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾ ಹತ್ತೊಂಬತ್ತು ವರ್ಷವಾಯಿತು. 1876–78ರ ಮಹಾಕ್ಷಾಮದ ಬಗ್ಗೆ ದೀರ್ಘ ಲೇಖನವೊಂದನ್ನು ಬರೆಯಲು ಕೂತಾಗ ಮೊದಲ ಪುಟದಲ್ಲೇ ಹೀಗೆ ಬರೆದಿದ್ದೆ: ‘ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನ ಬರದಿಂದ ಸತ್ತರು.’ ಅದರಲ್ಲಿ ತಪ್ಪೇನೂ ಕಾಣಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ಕೈಕೊಟ್ಟಿತು, ಬೆಳೆ ಒಣಗಿತು, ಜನ ಸತ್ತರು. ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಕೆ ಅಂದುಕೊಂಡಿದ್ದೆ.

ಆ ಕರಡನ್ನೇ ತರಗತಿಯಲ್ಲಿ ಪಾಠವಾಗಿ ಹೇಳಿದೆ. 1877ರ ಕೊನೆಗೆ ಮಳೆ ಮರಳಿ ಬಂದ ಮೇಲೂ ಜ್ವರದಿಂದ ಜನ ಸಾಯುತ್ತಲೇ ಇದ್ದರು ಅನ್ನುವ ಮಾತು ನಡುವೆ ಬಂತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಮಳೆ ಬರದೇ ಇದ್ದದ್ದಕ್ಕೆ ಸತ್ರು ಅಂದ್ರಿ. ಮಳೆ ಬಂದ್ಮೇಲೂ ಯಾಕ್ ಸತ್ರು?” ಎಂದು ಕೇಳಿದಳು. ನಾಳೆ ಹೇಳ್ತೀನಮ್ಮ ಅಂದೆ. ಹೇಳಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು.

ಮನೆಗೆ ಬಂದು ಕೆಂಪು ಪೆನ್ಸಿಲ್ ತೆಗೆದುಕೊಂಡು ಕರಡಿನಲ್ಲಿ ಕಾರಣ ಹೇಳುವ ಪದಗಳಿಗೆಲ್ಲ ಗೆರೆ ಎಳೆದೆ. ‘ಆದ್ದರಿಂದ’, ‘ಹೀಗಾಗಿ’, ‘ಕಾರಣ’, ಎಲ್ಲಕ್ಕಿಂತ ಹೆಚ್ಚಾಗಿ ‘ಇಂದ’. ನಮ್ಮ ಭಾಷೆಯ ಈ ಪುಟ್ಟ ಪ್ರತ್ಯಯ ಎಷ್ಟು ಕೆಲಸ ಹೊರುತ್ತದೆ ನೋಡಿ. ಕುಡುಗೋಲಿನಿಂದ ಕೊಯ್ದರು, ಊರಿನಿಂದ ಬಂದರು, ಬರದಿಂದ ಸತ್ತರು. ಮೊದಲನೆಯದು ಸಾಧನ, ಎರಡನೆಯದು ಹೊರಟ ಜಾಗ. ಮೂರನೆಯದು ಏನು? ‘ಬರ’ ಅನ್ನುವ ಪದವೂ ಹಾಗೆಯೇ. ಮಳೆ ಇಲ್ಲದಿರುವುದಕ್ಕೂ ಬರ ಅನ್ನುತ್ತೇವೆ, ಅನ್ನ ಇಲ್ಲದಿರುವುದಕ್ಕೂ ಬರ ಅನ್ನುತ್ತೇವೆ. ನಾನು ವಿವರಿಸಬೇಕಾಗಿದ್ದ ಸಂಗತಿಯೇ ಆ ಎರಡರ ನಡುವೆ ಇತ್ತು. ಒಂದೇ ಪದ ಎರಡನ್ನೂ ಮುಚ್ಚಿದ್ದರಿಂದ ಅಲ್ಲಿ ವಿವರಿಸಲು ಏನೋ ಇದೆ ಅನ್ನುವುದೇ ನನಗೆ ಹೊಳೆದಿರಲಿಲ್ಲ.

ವಿಜ್ಞಾನದ ತತ್ವಶಾಸ್ತ್ರವನ್ನು ನಾನು ಎಂ.ಎ. ಓದುವಾಗ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ, ಅಷ್ಟೇ. ಈಗ ಕೆಲಸಕ್ಕೆ ಬೇಕಾಗಿ ಮತ್ತೆ ತೆರೆದೆ. ಇತಿಹಾಸದ ವಿವರಣೆಯೂ ಭೌತವಿಜ್ಞಾನದ ವಿವರಣೆಯ ಹಾಗೆಯೇ ಸಾಮಾನ್ಯ ನಿಯಮಗಳ ಮೇಲೆ ನಿಂತಿರುತ್ತದೆ ಎಂದು ತತ್ವಜ್ಞಾನಿ ಕಾರ್ಲ್ ಹೆಂಪೆಲ್ 1942ರಲ್ಲಿ ವಾದಿಸಿದರು. ಚಳಿಯ ರಾತ್ರಿ ಬೀದಿಯಲ್ಲಿ ನಿಂತ ಕಾರಿನ ರೇಡಿಯೇಟರ್ ಒಡೆದದ್ದು ಅವರು ಕೊಟ್ಟ ಉದಾಹರಣೆ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ ಎಂಬ ನಿಯಮ, ಆ ರಾತ್ರಿಯ ತಾಪಮಾನ, ರೇಡಿಯೇಟರಿನ ಸ್ಥಿತಿ ಮೂರೂ ಗೊತ್ತಿದ್ದರೆ ಒಡೆದದ್ದು ವಿವರಿಸಿದಂತೆಯೇ. ಇತಿಹಾಸಕಾರರು ಇಂಥ ನಿಯಮಗಳನ್ನು ಬಾಯಿಬಿಟ್ಟು ಹೇಳುವುದಿಲ್ಲ, ಒಳಗೇ ಇಟ್ಟುಕೊಂಡಿರುತ್ತಾರೆ ಎಂಬುದು ಅವರ ಮಾತಿನ ಸಾರ.

ಇತಿಹಾಸಕ್ಕೆ ಅಂಥ ನಿಯಮಗಳಿವೆ ಎಂದು ನಾನು ಒಪ್ಪುವುದಿಲ್ಲ. ಆದರೆ ನನ್ನ ವಾಕ್ಯದೊಳಗೆ ಅವಿತಿದ್ದ ನಿಯಮವನ್ನು ಹೊರಗೆ ಎಳೆದು ನೋಡಲು ಹೆಂಪೆಲ್ ಕಲಿಸಿದರು. ನೋಟ್‌ಬುಕ್ಕಿನಲ್ಲಿ ಬಿಡಿಸಿ ಬರೆದೆ: ‘ಎರಡು ವರ್ಷ ಮುಂಗಾರು ಕೈಕೊಟ್ಟರೆ ಲಕ್ಷಗಟ್ಟಲೆ ಜನ ಸಾಯುತ್ತಾರೆ.’ ಬರೆದ ಕೂಡಲೇ ಅದು ಸುಳ್ಳೆಂದು ಗೊತ್ತಾಯಿತು. 1972–73ರಲ್ಲಿ ಮಹಾರಾಷ್ಟ್ರದಲ್ಲಿ ಬೆಳೆ ನೆಲಕಚ್ಚಿತ್ತು, ಅದಕ್ಕೆ ಹಿಂದಿನ ವರ್ಷಗಳೂ ಚೆನ್ನಾಗಿರಲಿಲ್ಲ. ಆದರೂ ಸರ್ಕಾರದ ಪರಿಹಾರ ಕಾಮಗಾರಿಯಲ್ಲಿ ಕೂಲಿ ಸಿಕ್ಕಿದ್ದರಿಂದ ಬಹುಪಾಲು ಜನ ಉಳಿದರು. ಇನ್ನು ಮಗ್ಗಕ್ಕೆ ಮಳೆ ಬೇಕಿಲ್ಲ, ಆದರೂ 1877ರಲ್ಲಿ ನೇಕಾರರು ಹಸಿದರು. ರೈತನ ಕೈ ಖಾಲಿಯಾದಾಗ ಸೀರೆ ಕೊಳ್ಳುವವರು ಯಾರು? ಆಹಾರ ಇದೆಯೇ ಎಂದು ಕೇಳಿದರೆ ಸಾಲದು, ಅದು ಯಾರ ಕೈಗೆ ಎಟುಕುತ್ತಿತ್ತು ಎಂದು ಕೇಳಬೇಕು ಎಂದು ಅಮರ್ತ್ಯ ಸೇನ್ 1981ರಲ್ಲಿ ವಾದಿಸಿದ್ದು ನನಗೆ ನಿಜವಾಗಿ ಅರ್ಥವಾದದ್ದು ಈ ನೇಕಾರರ ಮೂಲಕ.

1972 ಬೇರೆ ಕಾಲ, ಲಾರಿ, ಔಷಧಿ ಎಲ್ಲ ಇದ್ದವು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾಗಿತ್ತು. ಹಾಗಾಗಿ ಅದೇ ಕಾಲದ ಜೋಡಿಯೊಂದನ್ನು ಹುಡುಕಿದೆ. ಸಿಕ್ಕಿದ್ದು ಬಿಹಾರ.

1873–74ರಲ್ಲಿ ಬಿಹಾರದಲ್ಲಿ ಮಳೆ ಕೈಕೊಟ್ಟಾಗ ಸರ್ಕಾರವೇ ಬರ್ಮಾದಿಂದ 4 ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ತರಿಸಿತು. ಹಸಿವಿನ ಸಾವು ತೀರ ಕಡಿಮೆ. ಪರಿಹಾರದ ಹೊಣೆ ಹೊತ್ತವರು ಸರ್ ರಿಚರ್ಡ್ ಟೆಂಪಲ್. ವಿಪರೀತ ಖರ್ಚು ಮಾಡಿದರು ಎಂಬ ಟೀಕೆ ಅವರ ಮೇಲೆ ಬಂತು. 1877ರ ಜನವರಿಯಲ್ಲಿ ವೈಸ್‌ರಾಯ್ ಲಿಟ್ಟನ್ ಇದೇ ಟೆಂಪಲ್ ಅವರನ್ನು ದಕ್ಷಿಣಕ್ಕೆ ಕಳಿಸಿದರು. ಈ ಸಲ ಧಾನ್ಯದ ವ್ಯಾಪಾರಕ್ಕೆ ಸರ್ಕಾರ ಕೈಹಾಕಬಾರದು, ಖರ್ಚು ಹಿಡಿತದಲ್ಲಿರಬೇಕು. ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ 1 ಪೌಂಡ್ ಧಾನ್ಯ ಮತ್ತು ಮೇಲೆ ಪುಡಿಗಾಸು ಸಾಕೆಂದು ಟೆಂಪಲ್ ಗೊತ್ತುಮಾಡಿದರು. ಆ ಪಡಿಯಲ್ಲಿ ಮನುಷ್ಯ ದುಡಿದು ಬದುಕಲಾರ ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಿದರು. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಅಷ್ಟು ರಾಗಿ ತೂಗಿ ತಟ್ಟೆಗೆ ಸುರಿದೆ. ದಿನವಿಡೀ ಕಲ್ಲು ಒಡೆಯುವವನಿಗೆ, ಅದೂ ಆಗಲೇ ಬಡಕಲಾಗಿರುವವನಿಗೆ ಇಷ್ಟೇ. ಆ ತಟ್ಟೆ ನೋಡಿದ ಮೇಲೆ ಹುಡುಗಿಯ ಪ್ರಶ್ನೆಗೆ ಉತ್ತರ ಕಾಣತೊಡಗಿತು. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಸವೆದ ದೇಹಕ್ಕೆ ಶಿಬಿರಗಳಲ್ಲಿ ಕಾಲರಾ ತಗುಲಿತು. ಮಳೆ ಬಂದು ನೀರು ನಿಂತ ಮೇಲೆ ಮಲೇರಿಯಾ.

ಒಬ್ಬನೇ ಅಧಿಕಾರಿ, ಅದೇ ರೈಲು, ಅದೇ ಸರ್ಕಾರ, ನಡುವೆ ಮೂರೇ ವರ್ಷ. ಇಂಥ ಜೋಡಿ ಸಿಕ್ಕರೆ ಇತಿಹಾಸಕಾರನಿಗೆ ಪ್ರಯೋಗಶಾಲೆ ಸಿಕ್ಕಿದಷ್ಟು ಸಂತೋಷ. ‘ಏಕೆ ಸತ್ತರು?’ ಎಂಬ ಪ್ರಶ್ನೆಯನ್ನು ಕೈಬಿಟ್ಟು ‘ಅಲ್ಲಿ ಉಳಿದವರು ಇಲ್ಲೇಕೆ ಉಳಿಯಲಿಲ್ಲ?’ ಎಂದು ಕೇಳಿದೆ. ಎರಡೂ ಕಡೆ ಇದ್ದದ್ದು ಈ ಪ್ರಶ್ನೆಗೆ ಉತ್ತರವಾಗಲಾರದು. ಮಳೆ ಎರಡೂ ಕಡೆ ಹೋಗಿತ್ತು.

ಸಂತೋಷದಲ್ಲಿ ಹೆಜ್ಜೆ ತಪ್ಪುವುದಿತ್ತು. ಲಿಟ್ಟನ್ನರ ನೀತಿಯೇ ಕೊಂದಿತು ಎಂದು ಬರೆದೇ ಬಿಟ್ಟಿದ್ದೆ. ಒಂದು ವಿವರಣೆಯನ್ನು ನಂಬುವ ಮೊದಲು ಏನು ಸಿಕ್ಕರೆ ಇದು ಸುಳ್ಳಾಗುತ್ತದೆ ಎಂದು ಕೇಳಿಕೋ ಅನ್ನುವುದು ವಿಜ್ಞಾನದ ತತ್ವಜ್ಞಾನಿ ಕಾರ್ಲ್ ಪಾಪರ್ ಅವರಿಂದ ಕಲಿತ ಪಾಠ. ಕೇಳಿಕೊಂಡೆ. ಬಿಹಾರದ್ದು ಒಂದು ಹಂಗಾಮಿನ ಕಷ್ಟ, ಹಬ್ಬಿದ ಪ್ರದೇಶವೂ ಚಿಕ್ಕದು. ದಕ್ಷಿಣದ್ದು ಎರಡು ವರ್ಷ ಎಳೆಯಿತು, ಬಿಸಿಲುಸೀಮೆಯ ಉದ್ದಗಲಕ್ಕೂ ಹಬ್ಬಿತು. ಅದರ ಹಿಂದೆ ಪೆಸಿಫಿಕ್ ಸಾಗರದಲ್ಲಿ ಎದ್ದ ಪ್ರಬಲ ಎಲ್ ನಿನೊ, ಅಂದರೆ ನಮ್ಮ ಮುಂಗಾರನ್ನು ಕುಗ್ಗಿಸಬಲ್ಲ ಸಾಗರದ ಬಿಸಿಯೇರಿಕೆ, ಇತ್ತು. ಆಗ ಅದು ಯಾರಿಗೂ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಕೊರತೆಯನ್ನು ಬರ್ಮಾದ ಅಕ್ಕಿ ಪೂರ್ತಿ ತುಂಬುತ್ತಿತ್ತು ಎಂದು ಈ ಜೋಡಿಯಿಂದ ಸಾಧಿಸಲಾಗದು. ಅದೇ ಕಾಲದಲ್ಲಿ ಇಂಡಿಯಾದ ಗೋಧಿ ಇಂಗ್ಲೆಂಡಿಗೆ ಹಡಗೇರುತ್ತಿತ್ತು ಎಂಬುದು ಮನಸ್ಸನ್ನು ಕಲಕುವ ಸತ್ಯ. ಆದರೆ ಉತ್ತರದ ಗೋಧಿ ಕೋಲಾರದ ಕೂಲಿಯ ತಟ್ಟೆಗೆ ಬರಬೇಕಾದರೆ ನಡುವೆ ಎಷ್ಟು ಕೊಂಡಿಗಳಿವೆ ಎಂದು ತೋರಿಸದೆ ಅದನ್ನು ಕಾರಣದ ಖಾನೆಯಲ್ಲಿ ಬರೆಯಲು ನನಗೆ ಕೈ ಬರಲಿಲ್ಲ. ಸಿಟ್ಟು ಬಂದದ್ದು ನಿಜ. ಸಿಟ್ಟು ಬಂದಲ್ಲೇ ಎರಡು ಸಲ ಪರೀಕ್ಷಿಸಬೇಕು.

ಶಿರಾ ಕಡೆಯ ನಮ್ಮಜ್ಜಿ, ತಮ್ಮಜ್ಜಿಯಿಂದ ಕೇಳಿದ್ದನ್ನು ಹೇಳುತ್ತಿದ್ದರು: “ಧಾತು ಈಶ್ವರದಾಗೆ ಹಗೇವು ತೆಗುದ್ರೆ ಮಣ್ಣೇ ಸಿಗ್ತಿತ್ತಂತೆ ಕಣಪ್ಪ.” ಧಾತು, ಈಶ್ವರ ಅಂದರೆ ಆ ಬರ ಬಿದ್ದ ಎರಡು ಸಂವತ್ಸರಗಳು. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟರೆ ಹಲವು ವರ್ಷ ಕೆಡುವುದಿಲ್ಲ. ಒಂದು ಕೆಟ್ಟ ವರ್ಷವನ್ನು ದಾಟಿಸುತ್ತಿದ್ದದ್ದು ಅದೇ. ಹಾಗಾದರೆ ಆ ಮಾತಿನಲ್ಲಿ ಬರುವ ಹಗೇವು ಬರಿದಾದದ್ದು ಧಾತು ಸಂವತ್ಸರದಲ್ಲೋ, ಅದಕ್ಕೂ ಮುಂಚೆಯೋ? ಮುಂಚೆಯೇ ಆಗಿದ್ದರೆ ಕಂದಾಯ ಕಟ್ಟಲು ಮಾರಿದ್ದರೇ, ಸಾಲಕ್ಕೆ ಹೋಗಿತ್ತೇ? ಅಜ್ಜಿಯ ಮಾತನ್ನು ಪುರಾವೆ ಅಂದುಕೊಂಡಿಲ್ಲ, ಪ್ರಶ್ನೆಯಾಗಿ ಇಟ್ಟುಕೊಂಡಿದ್ದೇನೆ.

ಮೊದಲ ಪುಟದ ವಾಕ್ಯ ಈಗ ಹೀಗಿದೆ: ‘ಮುಂಗಾರು ಕೈಕೊಟ್ಟು ಬೆಳೆಯೂ ಕೂಲಿಯೂ ಹೋದವು. ಕೊಳ್ಳುವ ಶಕ್ತಿ ಕಳೆದುಕೊಂಡವರಿಗೆ ಸಿಕ್ಕ ನೆರವು ತಡವಾಗಿತ್ತು, ಕಡಿಮೆಯಾಗಿತ್ತು. ಹಾಗೆ ಸೊರಗಿದವರಲ್ಲಿ ಬಹಳ ಮಂದಿಯನ್ನು ರೋಗ ಕೊಂದಿತು.’ ಆ ಹುಡುಗಿ ಅಷ್ಟರಲ್ಲಿ ಅಂತಿಮ ವರ್ಷಕ್ಕೆ ಬಂದಿದ್ದಳು. ಓದಲು ಕೊಟ್ಟೆ. ‘ತಡವಾಗಿತ್ತು’ ಪದದ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಯಾವಾಗ ಬಂದಿದ್ದರೆ ತಡವಲ್ಲ?’ ಎಂದು ಬರೆದು ವಾಪಸ್ ಕೊಟ್ಟಳು. ಈಗ ಕಾಮಗಾರಿಗಳು ಯಾವ ತಾಲ್ಲೂಕಿನಲ್ಲಿ ಯಾವ ತಿಂಗಳು ಶುರುವಾದವು ಎಂದು ಪಟ್ಟಿ ಮಾಡುತ್ತಿದ್ದೇನೆ.