ಬೇರೆ ಬ್ರಾಂಚಿನವರನ್ನೂ ಸೇರಿಸಿಕೊಳ್ಳುವ ಎಂ.ಟೆಕ್: ಅರ್ಜಿ ಹಾಕುವ ಮುಂಚೆ

ಕಳೆದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ., ಆರನೇ ಸೆಮಿಸ್ಟರ್. "ಅಕ್ಕ, ನೀನು ಸಿವಿಲ್ ಓದಿ ಎಲ್ಲಾ ಬ್ರಾಂಚಿನವರೂ ಸೇರೋ ಎಂ.ಟೆಕ್ ಮಾಡಿದೆಯಲ್ಲ, ನನಗೂ ಅದೇ ಬೇಕು. ಗೇಟ್ ಸ್ಕೋರ್ ಎಷ್ಟಿರಬೇಕು?" ಅಂದ. ಗೇಟ್ ಅಂದರೆ ಎಂ.ಟೆಕ್ ಸೇರಲು ಬರೆಯುವ ದೇಶಮಟ್ಟದ ಪರೀಕ್ಷೆ. ಸ್ಕೋರ್ ಆಮೇಲೆ ನೋಡೋಣ ತಮ್ಮಾ, ಮೊದಲು ನಿನ್ನ ಪ್ರಶ್ನೆ ಏನು ಹೇಳು ಅಂದೆ.

ನನ್ನ ಪ್ರಶ್ನೆ ಮನೆಯಲ್ಲೇ ಇತ್ತು. ನಮ್ಮ ಗದ್ದೆ ಭದ್ರಾ ನಾಲೆಯ ಕೊನೆ ಭಾಗದಲ್ಲಿದೆ. ಭತ್ತ ತೆನೆ ಒಡೆಯುವ ಹೊತ್ತಿಗೆ ಸರಿಯಾಗಿ ನೀರು ಬರುತ್ತಿರಲಿಲ್ಲ. ಅಪ್ಪ ರಾತ್ರಿಯೆಲ್ಲ ಟಾರ್ಚ್ ಹಿಡಿದು ನಾಲೆ ಏರಿ ಮೇಲೆ ಕಾಯುತ್ತಿದ್ದರು. ಬಿ.ಇ. ಮುಗಿಸಿದಾಗ ತೂಬಿನಲ್ಲಿ ಎಷ್ಟು ನೀರು ಹರಿಯುತ್ತದೆ ಅಂತ ಲೆಕ್ಕ ಹಾಕಲು ಬರುತ್ತಿತ್ತು. ಆದರೆ ಮೇಲಿನ ಊರಿನವರು ಅಡಿಕೆ ಯಾಕೆ ಹಾಕಿದರು, ನಾಲೆಗೇ ಪಂಪ್‌ಸೆಟ್ ಇಟ್ಟು ನೀರು ಯಾಕೆ ಎತ್ತುತ್ತಾರೆ, ತೂಬು ತೆಗೆಯುವ ಮಾತು ಯಾರದ್ದು ನಡೆಯುತ್ತದೆ, ಇದ್ಯಾವುದೂ ನನ್ನ ಸಿವಿಲ್ ಪುಸ್ತಕದಲ್ಲಿ ಇರಲಿಲ್ಲ. ಒಂದೇ ಬ್ರಾಂಚಿಗೆ ಸಿಗದ ಪ್ರಶ್ನೆ ಕೈಯಲ್ಲಿದ್ದರೆ ಮಾತ್ರ ಈ ಎಂ.ಟೆಕ್‌ಗೆ ಅರ್ಥ. ಸುಮ್ನೆ ಬ್ರಾಂಚ್ ಬೇಜಾರಾಯ್ತು ಅಂತ ಬರಬೇಡಿ.

ಪ್ರಶ್ನೆ ಸಿಕ್ಕಿದ ಮೇಲೆ ಕೋರ್ಸ್ ಹುಡುಕಿ. ಐಐಟಿ ಬಾಂಬೆಯಲ್ಲಿ ಹಳ್ಳಿಯ ತಂತ್ರಜ್ಞಾನಕ್ಕೆಂದೇ ಇರುವ ಸಿತಾರಾ ಕೇಂದ್ರ 2007ರಿಂದ ಟೆಕ್ನಾಲಜಿ ಅಂಡ್ ಡೆವಲಪ್‌ಮೆಂಟ್ ಎಂ.ಟೆಕ್ ನಡೆಸುತ್ತಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲೂ ಹವಾಮಾನ, ಬಯೋ ಎಂಜಿನಿಯರಿಂಗ್‌ನಂಥ ಹಲವು ವಿಭಾಗ ಸೇರಿಸಿದ ಕೋರ್ಸ್‌ಗಳಿವೆ. ಪ್ರತಿ ಕೋರ್ಸಿನ ಮಾಹಿತಿ ಪುಸ್ತಕದಲ್ಲಿ ಮೂರು ವಿಷಯ ಮೊದಲು ನೋಡಿ. ಯಾವ ಯಾವ ಬಿ.ಇ. ಬ್ರಾಂಚ್‌ಗೆ ಅವಕಾಶ ಇದೆ, ಯಾವ ಗೇಟ್ ಪೇಪರ್ ಒಪ್ಪುತ್ತಾರೆ, ಬಿ.ಇ. ಅಂಕ ಎಷ್ಟಿರಬೇಕು. ಎಲ್ಲಾ ಬ್ರಾಂಚಿಗೂ ಅಂತ ಹೆಸರಿದ್ದರೂ ಗೇಟ್ ಪೇಪರ್ ಪಟ್ಟಿಯಲ್ಲಿ ನಿಮ್ಮದು ಇಲ್ಲದಿರಬಹುದು. ಎನ್‌ಐಟಿಗಳಿಗೆ ಸೇರಿಸುವ ಸಿಸಿಎಂಟಿ ಕೌನ್ಸೆಲಿಂಗ್‌ನಲ್ಲಿ ಸಾಮಾನ್ಯ ವರ್ಗಕ್ಕೆ 6.5 ಸಿಜಿಪಿಎ ಅಥವಾ ಶೇ. 60 ಬೇಕು. ಸಿಜಿಪಿಎಯನ್ನು ನೀವೇ ಗುಣಿಸಿ ಶೇಕಡಾ ಮಾಡಬೇಡಿ. ಅಂಕಪಟ್ಟಿಯಲ್ಲಿ ಇದ್ದಂತೆಯೇ ತುಂಬಿ.

ಗೇಟ್ ಪರೀಕ್ಷೆಯನ್ನು ಮೂರನೇ ವರ್ಷದಲ್ಲೇ ಬರೆಯಬಹುದು. ಸ್ಕೋರ್ ಮೂರು ವರ್ಷ ನಡೆಯುತ್ತದೆ. ಹಾಗಾಗಿ ಒಂದು ಸಲ ಬರೆದು ನೋಡಿ, ನಷ್ಟ ಇಲ್ಲ. 3 ಗಂಟೆ, 65 ಪ್ರಶ್ನೆ, 100 ಅಂಕ. 2021ರಿಂದ ಒಬ್ಬರು ಎರಡು ಪೇಪರ್ ಬರೆಯಬಹುದು. ಆದರೆ ಯಾವ ಎರಡನ್ನು ಜೋಡಿಸಬಹುದು ಅಂತ ಪಟ್ಟಿ ಇದೆ, ಅದರಾಚೆ ಇಲ್ಲ. ನಮ್ಮಂಥವರಿಗೆ ಎಕ್ಸ್‌ಇ, ಅಂದರೆ ಎಂಜಿನಿಯರಿಂಗ್ ಸೈನ್ಸಸ್ ಪೇಪರ್ ಒಳ್ಳೆಯದು ಅಂತ ನನ್ನ ಅನಿಸಿಕೆ. ಅದರಲ್ಲಿ ಗಣಿತ ಎಲ್ಲರಿಗೂ ಕಡ್ಡಾಯ, ಉಳಿದವುಗಳಲ್ಲಿ ಎರಡು ಭಾಗ ನಾವೇ ಆರಿಸಿಕೊಳ್ಳಬಹುದು. ಫ್ಲೂಯಿಡ್ ಮೆಕ್ಯಾನಿಕ್ಸ್, ಥರ್ಮೋಡೈನಮಿಕ್ಸ್, ಫುಡ್ ಟೆಕ್ನಾಲಜಿ ಎಲ್ಲಾ ಇವೆ. ಆದರೆ ನಿಮಗೆ ಬೇಕಾದ ಕೋರ್ಸ್ ಆ ಪೇಪರ್ ಒಪ್ಪುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಈಗ ನಾನು ಕಣ್ಣೀರು ಹಾಕಿದ ವಿಷಯ ಹೇಳುತ್ತೇನೆ. ಜಾತಿ ಪ್ರಮಾಣಪತ್ರ. ನನ್ನ ಹತ್ತಿರ ಸಿಇಟಿ ಕಾಲದಿಂದ ರಾಜ್ಯದ ಪ್ರವರ್ಗದ ಪ್ರಮಾಣಪತ್ರ ಇತ್ತು. ಅದನ್ನೇ ಹಚ್ಚಿದೆ. ನಡೆಯಲ್ಲ, ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇಕು ಅಂದರು. ಉಳಿದದ್ದು ನಾಲ್ಕೇ ದಿನ. ಅಪ್ಪ ನಾಟಿ ಕೆಲಸ ಬಿಟ್ಟು ಮೂರು ದಿನ ಕಚೇರಿ ಅಲೆದರು. ರಾಜ್ಯದ 2ಎ, 3ಬಿ ಪಟ್ಟಿಯಲ್ಲಿರುವ ಎಲ್ಲಾ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ. ಮೊದಲು ಅದನ್ನು ನೋಡಿ. ಇದ್ದರೆ, ಕೆನೆಪದರಕ್ಕೆ ಸೇರಿಲ್ಲ ಅನ್ನುವ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲೇ ಕೇಳಿ ಪಡೆಯಿರಿ. ಸಾಮಾನ್ಯವಾಗಿ ಆ ವರ್ಷದ ಏಪ್ರಿಲ್ 1ರ ನಂತರದ ತಾರೀಖು ಬೇಕಾಗುತ್ತದೆ. ಹಳೆಯದು ಜೋಪಾನವಾಗಿದೆ ಅಂತ ಸುಮ್ಮನೆ ಕೂರಬೇಡಿ.

ಐಐಟಿಗಳ ಸೀಟು ಸಿಒಎಪಿ ಅನ್ನುವ ಒಂದೇ ಪೋರ್ಟಲ್‌ನಲ್ಲಿ ಬರುತ್ತದೆ. ಅಲ್ಲಿ ನೋಂದಾಯಿಸಿಕೊಂಡರೆ ಸಾಲದು, ಪ್ರತಿ ಐಐಟಿಗೂ ಬೇರೆಯಾಗಿ ಅರ್ಜಿ ಹಾಕಬೇಕು. ಇದನ್ನು ತಿಳಿಯದೆ ವರ್ಷ ಕಳೆದುಕೊಂಡವರನ್ನು ನೋಡಿದ್ದೇನೆ. ಸಂದರ್ಶನ ಇದ್ದರೆ ನಿಮ್ಮ ಆ ಪ್ರಶ್ನೆಯೇ ಕೈ ಹಿಡಿಯುತ್ತದೆ. ನಾನು ನಾಲೆಯ ಚಿತ್ರ ಬರೆದು ತೋರಿಸಿದೆ. ಅರ್ಧ ಗಂಟೆ ಬರೀ ಅದರ ಬಗ್ಗೆಯೇ ಮಾತಾಯಿತು. ಗೇಟ್ ಕೈ ಕೊಟ್ಟರೆ ರಾಜ್ಯದ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಇದೆ, ನಮ್ಮೂರಲ್ಲೇ ಓದಬಹುದು. ಆದರೆ ಅಲ್ಲಿ ಬ್ರಾಂಚ್ ಗೋಡೆ ಸ್ವಲ್ಪ ಜಾಸ್ತಿ.

ಖರ್ಚಿನ ಬಗ್ಗೆ ಮನೆಯವರು ಕೇಳುತ್ತಾರೆ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ. ಬದಲಿಗೆ ವಾರಕ್ಕೆ 8 ಗಂಟೆ ಲ್ಯಾಬ್, ಟ್ಯುಟೋರಿಯಲ್ ಕೆಲಸ ಮಾಡಬೇಕು. ನನ್ನ ಊಟ, ಬಸ್ಸು ಅದರಲ್ಲೇ ನಡೆಯಿತು.

ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ, ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ನಿಯಮದಂತೆ ಬಿ.ಇ. ಮತ್ತು ಎಂ.ಟೆಕ್ ಆ ವಿಭಾಗಕ್ಕೆ ಸಂಬಂಧಪಟ್ಟಿರಬೇಕು. ಎರಡರಲ್ಲಿ ಒಂದರಲ್ಲಾದರೂ ಫಸ್ಟ್ ಕ್ಲಾಸ್ ಬೇಕು. ನಿಮ್ಮ ಎಂ.ಟೆಕ್ ಹೆಸರು ಆ ವಿಭಾಗಕ್ಕೆ ಹೊಂದುತ್ತದೆ ಅಂತ ಒಪ್ಪುತ್ತಾರಾ ಅಂತ ಸೇರುವ ಮುಂಚೆಯೇ ವಿಚಾರಿಸಿ.

ತಮ್ಮ ಮೊನ್ನೆ ಮತ್ತೆ ಫೋನ್ ಮಾಡಿದ. ಅವರ ಮನೆಯ ಮೆಕ್ಕೆಜೋಳವನ್ನು ತೇವ ಜಾಸ್ತಿ ಅಂತ ಹೇಳಿ ಬೆಲೆ ಇಳಿಸಿದರಂತೆ. "ಅಕ್ಕ, ರೈತನ ಕಣದಲ್ಲೇ ತೇವ ಅಳೆಯೋಕೆ ಅಗ್ಗದ ಸೆನ್ಸರ್ ಮಾಡಬಹುದಾ?" ಅಂದ. ಈ ವಾರ ಎಪಿಎಂಸಿಗೆ ಹೋಗಿ, ಖರೀದಿ ಮಾಡೋರು ತೇವ ಹೇಗೆ ನೋಡ್ತಾರೆ ಅಂತ ಅರ್ಧ ದಿನ ನಿಂತು ನೋಡಿ ಬರೆದುಕೊಂಡು ಬಾ ಅಂದಿದ್ದೇನೆ. ಗೇಟ್ ಫಾರಂ ತುಂಬೋದು ಅದಾದ ಮೇಲೆ.