ಬೆಕ್ಕಿಗಿ ಯಾವ ಲಿಟ್ಟರ್ ತರಬೇಕು? ರಾಯಚೂರು ಬಿಸಲಾಗ ಬೆಕ್ಕು ಸಾಕೋರಿಗೆ

ಲಿಟ್ಟರ್ ಅಂದ್ರ ಬೆಕ್ಕು ಮನ್ಯಾಗ ಉಚ್ಚಿ-ಹೇಲು ಮಾಡೋ ಬಾಕ್ಸ್‌ನ್ಯಾಗ ಹಾಕೋ ಕಾಳು. ಮೊದ್ಲು ಬೆಕ್ಕಿನ ವಯಸ್ಸು ನೋಡ್ರಿ. ಮೂರ್ನಾಲ್ಕು ತಿಂಗಳ ಒಳಗಿನ ಮರಿ ಇದ್ರ ಉಚ್ಚಿ ಹೀರಿ ಗಡ್ಡಿ ಕಟ್ಟೋ ಬೆಂಟೋನೈಟ್ ಅನ್ನೋ ಜೇಡಿಮಣ್ಣಿನ ಲಿಟ್ಟರ್ ಬ್ಯಾಡ, ಮರಿಗಳು ಎಲ್ಲಾದಕ್ಕೂ ಬಾಯಿ ಹಾಕ್ತಾವ, ನುಂಗಿದ್ರ ಹೊಟ್ಟ್ಯಾಗ ಉಬ್ಬಿ ಗಟ್ಟಿ ಆಗಬಹುದು. ಅವಕ್ಕ ಕಟ್ಟಿಗಿ ಪುಡಿ ಒತ್ತಿ ಮಾಡಿದ ಸಣ್ಣ ತುಂಡು, ಅಂದ್ರ ಪೆಲೆಟ್ ಛಲೋ.

ದೊಡ್ಡ ಬೆಕ್ಕಿಗಿ ನಾ ಹೇಳೋದು ಸಣ್ಣ ಕಾಳಿನ, ಸೆಂಟ್ ಹಾಕಲಾರದ ಬೆಂಟೋನೈಟ್. ಲ್ಯಾವೆಂಡರ್ ವಾಸನಿ ನಮಗ ಹಿಡಸ್ತದ, ಬೆಕ್ಕಿನ ಮೂಗಿಗಿ ಅದು ಭಾಳ ಘಾಟು, ಬಾಕ್ಸ್ ಬಿಟ್ಟು ಹಾಸಿಗಿ ಮ್ಯಾಲೆ ಹೋಗ್ತದ. ಗಡ್ಡಿ ಕಟ್ಟೋದ್ರಾಗ ಇನ್ನೊಂದು ಲಾಭ ಅದ, ದಿನಾ ಎಷ್ಟು ಉಚ್ಚಿ ಹೊಯ್ತು ಅಂತ ಕಣ್ಣಿಗಿ ಕಾಣ್ತದ. ಗಂಡು ಬೆಕ್ಕು ಬಾಕ್ಸ್‌ನ್ಯಾಗ ತಿಣುಕಿ ತಿಣುಕಿ ಏನೂ ಬರಲಿಲ್ಲಂದ್ರ ನಾಳಿ ನೋಡೋಣ ಅನ್ನಬ್ಯಾಡ್ರಿ, ಆಗಿಂದಾಗ ಡಾಕ್ಟರ್ ಹತ್ರ ಓಡ್ರಿ, ಜೀವಕ್ಕ ಕುತ್ತು ಅದು.

ನದಿ ಉಸುಕು ಪುಕ್ಕಟೆ ಸಿಗ್ತದ ಖರೆ, ಆದ್ರ ಉಚ್ಚಿ ಹೀರಂಗಿಲ್ಲ, ತಳಕ್ಕ ಇಳಿದು ಏಪ್ರಿಲ್ ಮೇ ಬಿಸಲಾಗ ಮನಿ ತುಂಬ ನಾತ. ರೈಸ್ ಮಿಲ್ಲಿನ ಭತ್ತದ ಹೊಟ್ಟು ಹಗುರ, ಫ್ಯಾನ್ ಹಚ್ಚಿದ್ರ ಹಾರ್ತದ.

ಎರಡು ಮೂರು ಇಂಚು ದಪ್ಪ ಹಾಕ್ರಿ, ದಿನಕ್ಕ ಎರಡು ಸಲ ಗಡ್ಡಿ ತಗೀರಿ, ಬಸುರಿ ಹೆಣ್ಮಕ್ಕಳು ಈ ಕೆಲ್ಸ ಬ್ಯಾರೆಯವರಿಗಿ ಬಿಡಬೇಕು, ಬೆಕ್ಕಿನ ಹೇಲಿನಿಂದ ಹತ್ತೋ ಟಾಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿಯ ಸೋಂಕಿನ ಅಂಜಿಕಿ ಇರ್ತದ. ಮತ್ತ ಬಾಕ್ಸ್ ತೊಳ್ಯಾಕ ಫಿನಾಯಿಲ್ ಬಿಲ್ಕುಲ್ ಬ್ಯಾಡ್ರಿ, ಬೆಕ್ಕಿಗಿ ಅದು ವಿಷ, ಸಾದಾ ಸೋಪಿನ ನೀರು ಸಾಕು.

ಹೊಸಾ ಲಿಟ್ಟರ್ ಒಮ್ಮೆಲೇ ಸುರೀಬ್ಯಾಡ್ರಿ, ಹಳೇದ್ರಾಗ ಸ್ವಲ್ಪ ಸ್ವಲ್ಪ ಕಲಿಸ್ಕೋತ ವಾರ ಹತ್ತು ದಿನದಾಗ ಬದಲಿ ಮಾಡ್ರಿ.