ಹ್ಯೂಸ್ಟನ್‌ನಲ್ಲಿ ಮನೆ ಕೊಳ್ಳುತ್ತಿದ್ದೀರಾ? ಹೋಮ್ ಇನ್ಶೂರೆನ್ಸ್‌ನಲ್ಲಿ ನೆರೆ ಇಲ್ಲ

ಜೂನ್ ಬಂತೆಂದರೆ, ಅಂದರೆ ಚಂಡಮಾರುತದ ಕಾಲ ಶುರುವಾಯಿತೆಂದರೆ, ಇಲ್ಲಿನ ಕನ್ನಡಿಗರ ವಾಟ್ಸಾಪ್ ಗ್ರೂಪುಗಳಲ್ಲಿ ಅದೇ ತಯಾರಿಯ ಪಟ್ಟಿ ಓಡಾಡಲು ಶುರುವಾಗುತ್ತದೆ. ನೀರಿನ ಕ್ಯಾನು, ಟಾರ್ಚು, ಪವರ್ ಬ್ಯಾಂಕು, ಪಾಸ್‌ಪೋರ್ಟ್ ಕಾಪಿ, ಅವಲಕ್ಕಿ, ಎಂಟಿಆರ್ ಪ್ಯಾಕೆಟ್ಟು. ಅದೆಲ್ಲ ನಿಮಗೆ ಗೊತ್ತಿದೆ, ಮತ್ತೆ ಬರೆಯುವುದಿಲ್ಲ. ಆದರೆ ಹೊಸದಾಗಿ ಕೇಟಿ, ಸೈಪ್ರೆಸ್, ಶುಗರ್ ಲ್ಯಾಂಡ್ ಕಡೆ ಮನೆ ಕೊಳ್ಳುವವರು ಆ ಪಟ್ಟಿಯಲ್ಲಿ ಇಲ್ಲದ ಒಂದು ವಿಷಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದಾರೆ. 2017ರಲ್ಲಿ ಹಾರ್ವೆ ಚಂಡಮಾರುತ ಬಂದಾಗ ನಾವೂ ಅದರಲ್ಲೇ ದುಡ್ಡು ಕಳೆದುಕೊಂಡವರು.

ಮನೆಗೆ ಮಾಡಿಸುವ ಮಾಮೂಲಿ ಇನ್ಶೂರೆನ್ಸ್ ನೆರೆಗೆ ಒಂದು ಡಾಲರೂ ಕೊಡುವುದಿಲ್ಲ. ಗಾಳಿಗೆ ಚಾವಣಿ ಕಿತ್ತುಹೋಗಿ ಮಳೆ ಒಳಗೆ ಬಂದರೆ ಒಂದು ಲೆಕ್ಕ. ಅದೇ ಮಳೆ ರಸ್ತೆಯಲ್ಲಿ ತುಂಬಿ ಬಾಗಿಲ ಸಂದಿಯಿಂದ ಬಂದರೆ ಬೇರೆ ಲೆಕ್ಕ, ಅದಕ್ಕೆ ಬೇರೆಯೇ ಪಾಲಿಸಿ. 2021ರ ಫೆಬ್ರವರಿಯ ಚಳಿಯಲ್ಲಿ ಪೈಪು ಒಡೆದು ಮನೆಯೆಲ್ಲ ನೀರಾದಾಗ ಎಷ್ಟೋ ಜನರಿಗೆ ಮಾಮೂಲಿ ಪಾಲಿಸಿಯಿಂದಲೇ ದುಡ್ಡು ಬಂತು. ಅದನ್ನು ನೋಡಿದವರು, ಕೇಳಿದವರು, ನೀರಿಗೆಲ್ಲ ಕವರ್ ಇದೆ ಅಂತ ಇವತ್ತಿಗೂ ನಂಬಿಕೊಂಡಿದ್ದಾರೆ. ಇಲ್ಲ.

"ಬ್ಯಾಂಕಿನವರು ಕೇಳಲೇ ಇಲ್ವಲ್ಲ, ನಮ್ಮದು ಝೋನ್ ಎಕ್ಸ್" ಅನ್ನುತ್ತಾರೆ. ಸರ್ಕಾರದ ನೆರೆ ನಕ್ಷೆಯಲ್ಲಿ ಝೋನ್ ಎಕ್ಸ್ ಅಂದರೆ ನೆರೆ ಬರುವುದಿಲ್ಲ ಅಂತಲ್ಲ, ಸಾಲ ಕೊಡುವವರು ಈ ನೆರೆ ಪಾಲಿಸಿ ಕಡ್ಡಾಯ ಮಾಡಬೇಕಿಲ್ಲ ಅಂತ ಅಷ್ಟೇ. ಹಾರ್ವೆಯಲ್ಲಿ ಹ್ಯಾರಿಸ್ ಕೌಂಟಿಯಲ್ಲಿ ಮುಳುಗಿದ ಮನೆಗಳಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ನಕ್ಷೆಯಲ್ಲಿ ಅಪಾಯ ಅಂತ ಗುರುತು ಮಾಡಿದ ಜಾಗದ ಹೊರಗೇ ಇದ್ದವು. ಜಾರ್ಜ್ ಬುಷ್ ಪಾರ್ಕಿಗೆ ವಾಕಿಂಗ್ ಹೋಗುತ್ತೀರಲ್ಲ, ಅದು ಬಾರ್ಕರ್ ಜಲಾಶಯದ ಒಳಗಿದೆ. ಬೇರ್ ಕ್ರೀಕ್ ಪಾರ್ಕ್ ಇರುವುದು ಆಡಿಕ್ಸ್ ಜಲಾಶಯದಲ್ಲಿ. ಎರಡೂ 1940ರ ದಶಕದಲ್ಲಿ ಸೇನೆಯ ಎಂಜಿನಿಯರುಗಳು ಕಟ್ಟಿದವು, ಉಳಿದ ದಿನ ಒಣಗಿಯೇ ಇರುತ್ತವೆ. ಜೋರು ಮಳೆಗೆ ತುಂಬಿದಾಗ ನೀರು ಹಿಂದಕ್ಕೆ, ಕೇಟಿ ಕಡೆಯ ಬಡಾವಣೆಗಳಿಗೆ ಸರಿಯುತ್ತದೆ. ಗೇಟು ತೆಗೆದರೆ ಮುಂದಕ್ಕೆ, ಬಫಲೋ ಬಾಯೂ ಎಂಬ ಹೊಳೆಯ ದಂಡೆಯ ಮನೆಗಳಿಗೆ ನುಗ್ಗುತ್ತದೆ. 2017ರಲ್ಲಿ ಎರಡೂ ಆಯಿತು. ಟೆಕ್ಸಸ್‌ನಲ್ಲಿ 2019ರ ಸೆಪ್ಟೆಂಬರಿನಿಂದ ಮನೆ ಮಾರುವವರು ಹಿಂದೆ ನೆರೆ ಬಂದಿತ್ತೇ, ಮನೆ ಜಲಾಶಯದ ವ್ಯಾಪ್ತಿಯಲ್ಲಿದೆಯೇ ಅಂತ ಬರೆದುಕೊಡಲೇಬೇಕು. ಆ ಹಾಳೆಯನ್ನು ಓದದೆ ಸಹಿ ಹಾಕುವವರೇ ಜಾಸ್ತಿ. ಅಡುಗೆಮನೆಯ ಗ್ರಾನೈಟ್ ನೋಡುವುದಕ್ಕೆ ಕೊಟ್ಟ ಅರ್ಧದಷ್ಟು ಹೊತ್ತು ಅದಕ್ಕೂ ಕೊಡಿ.

ಈಗ ಪಾಲಿಸಿಯ ವಿಷಯ. ಹೆಚ್ಚಿನವರು ತೆಗೆದುಕೊಳ್ಳುವುದು ಎನ್‌ಎಫ್‌ಐಪಿ, ಅಂದರೆ ಕೇಂದ್ರ ಸರ್ಕಾರದ ನೆರೆ ವಿಮೆ. ಮಾರುವುದು ನಿಮ್ಮ ಖಾಸಗಿ ಏಜೆಂಟೇ. ಕೊಂಡ ದಿನದಿಂದ 30 ದಿನ ಕಳೆಯುವವರೆಗೆ ಅದು ಜಾರಿಗೆ ಬರುವುದಿಲ್ಲ. ಹಾರ್ವೆ ಮೆಕ್ಸಿಕೋ ಕೊಲ್ಲಿಯಲ್ಲಿ ಮತ್ತೆ ಜೀವ ಪಡೆದದ್ದು ಆಗಸ್ಟ್ 23ಕ್ಕೆ, ದಡಕ್ಕೆ ಅಪ್ಪಳಿಸಿದ್ದು 25ರ ರಾತ್ರಿ. ಟಿವಿಯಲ್ಲಿ ಚಂಡಮಾರುತದ ನಕ್ಷೆ ನೋಡಿ ಏಜೆಂಟಿಗೆ ಫೋನ್ ಮಾಡಿದರೆ ಅವರು ದುಡ್ಡು ತೆಗೆದುಕೊಳ್ಳುತ್ತಾರೆ, ಆದರೆ ಈ ನೆರೆಗೆ ಅದು ಕೆಲಸಕ್ಕೆ ಬರುವುದಿಲ್ಲ. ಇದಕ್ಕೆ ಒಂದು ವಿನಾಯಿತಿ ಇದೆ, ಯಾರೂ ತಾವಾಗಿ ಹೇಳುವುದಿಲ್ಲ: ಮನೆ ಸಾಲದ ಕ್ಲೋಸಿಂಗ್ (ಸಹಿ ಹಾಕಿ ವ್ಯವಹಾರ ಮುಗಿಸುವುದು) ಜೊತೆಗೇ, ಆ ಸಾಲಕ್ಕೆ ಸಂಬಂಧಪಟ್ಟಂತೆ ಪಾಲಿಸಿ ಮಾಡಿಸಿದರೆ 30 ದಿನ ಕಾಯಬೇಕಿಲ್ಲ. ಕ್ಲೋಸಿಂಗ್ ಆಗಸ್ಟಿನಲ್ಲಿದ್ದರೆ ಇದು ಸಣ್ಣ ಮಾತಲ್ಲ.

ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್. ಇವೆರಡೂ ಬೇರೆ ಬೇರೆ. ಸಾಮಾನಿನ ಕವರ್ ಕೇಳಿ ಹಾಕಿಸಿಕೊಳ್ಳದಿದ್ದರೆ ಅದು ಇರುವುದೇ ಇಲ್ಲ. ನಮ್ಮ ಪರಿಚಯದ ಒಂದು ಕುಟುಂಬ ಬುದ್ಧಿವಂತಿಕೆಯಿಂದ ಪಾಲಿಸಿ ಮಾಡಿಸಿತ್ತು, ಕಟ್ಟಡಕ್ಕೆ ಮಾತ್ರ. ಗೋಡೆಗೆ, ನೆಲಕ್ಕೆ ದುಡ್ಡು ಬಂತು. ಸೋಫಾ, ಹಾಸಿಗೆ, ಟಿವಿ, ಕಪಾಟಿನ ಕೆಳಗಿನ ಅರೆಯಲ್ಲಿದ್ದ ರೇಷ್ಮೆ ಸೀರೆಗಳು, ಇವಕ್ಕೆ ಏನೂ ಇಲ್ಲ. ಸಾಮಾನಿನ ಕವರ್ ಇದ್ದರೂ ಹಳೆಯದಕ್ಕೆ ಹಳೆಯ ಬೆಲೆಯೇ ಸಿಗುವುದು. ಮನೆ ರಿಪೇರಿ ಆಗುವವರೆಗಿನ ಹೋಟೆಲ್ ಬಾಡಿಗೆಯನ್ನೂ ಎನ್‌ಎಫ್‌ಐಪಿ ಕೊಡುವುದಿಲ್ಲ. ತಿಂಗಳುಗಟ್ಟಲೆ ಮನೆ ಕಂತು ಒಂದು ಕಡೆ, ಅಪಾರ್ಟ್‌ಮೆಂಟ್ ಬಾಡಿಗೆ ಇನ್ನೊಂದು ಕಡೆ. ನಮ್ಮನ್ನು ನಿಜವಾಗಿ ಸುಸ್ತು ಮಾಡಿದ್ದು ಅದೇ.

"ಫೆಮಾ (ಕೇಂದ್ರ ಸರ್ಕಾರದ ವಿಪತ್ತು ಪರಿಹಾರ ಸಂಸ್ಥೆ) ಕೊಡುತ್ತಲ್ಲ" ಅನ್ನುವವರಿಗೆ: ಎಚ್-1ಬಿ, ಎಲ್-1ರಂಥ ಕೆಲಸದ ವೀಸಾದಲ್ಲಿ ಇರುವವರಿಗೆ ಫೆಮಾದ ನಗದು ಸಹಾಯ ಇಲ್ಲ. ಇಷ್ಟು ವರ್ಷ ತೆರಿಗೆ ಕಟ್ಟಿದ್ದೇವೆ ಅಂತ ಕೌಂಟರಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ನಿಮ್ಮ ಜೊತೆ ವಾಸಿಸುವ ಮಗು ಇಲ್ಲೇ ಹುಟ್ಟಿದ ಅಮೆರಿಕನ್ ಪ್ರಜೆಯಾಗಿದ್ದರೆ ಮಗುವಿನ ಪರವಾಗಿ ಅರ್ಜಿ ಹಾಕಬಹುದು. ಮಗುವಿನ ಸೋಷಿಯಲ್ ಸೆಕ್ಯುರಿಟಿ ನಂಬರ್ ಎಲ್ಲಿದೆ ಅಂತ ಈಗಲೇ ನೋಡಿಟ್ಟುಕೊಳ್ಳಿ. ಆಶ್ರಯ, ಊಟ, ನೀರು, ಇವುಗಳಿಗೆ ಮಾತ್ರ ವೀಸಾ ಅಡ್ಡ ಬರುವುದಿಲ್ಲ. ಭಯಪಡದೆ ಹೋಗಿ.

ನೀರು ಇಳಿದ ಮೇಲೆ ಊರಿನ ಅಭ್ಯಾಸ ಕೈಕೊಡುತ್ತದೆ. ನಮ್ಮಲ್ಲಾದರೆ ಕೆಸರು ಬಳಿದು, ನೆಲ ತೊಳೆದು, ಬಾಗಿಲು ತೆರೆದಿಟ್ಟರೆ ಗೋಡೆ ತಾನೇ ಒಣಗುತ್ತದೆ. ಇಲ್ಲಿ ಗೋಡೆ ಅಂದರೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ. ಅದು ರಸ್ಕಿನ ಹಾಗೆ ನೀರು ಮೇಲಕ್ಕೆ ಹೀರುತ್ತದೆ, ಒಂದೆರಡು ದಿನದಲ್ಲಿ ಬೂಸ್ಟು ಶುರುವಾಗುತ್ತದೆ. ನೀರು ನಿಂತ ಮಟ್ಟಕ್ಕಿಂತ ಮೇಲಿನವರೆಗೆ ಕತ್ತರಿಸಿ ತೆಗೆಯಲೇಬೇಕು, ಇನ್ಶೂರೆನ್ಸ್‌ನವರು ಬರಲಿ ಅಂತ ಕಾಯಬಾರದು. ಕತ್ತರಿಸುವ ಮೊದಲು ಗೋಡೆಯ ಮೇಲಿನ ನೀರಿನ ಗೆರೆಯ ಪಕ್ಕ ಅಳತೆಯ ಟೇಪ್ ಹಿಡಿದು ಫೋಟೋ ತೆಗೆಯಿರಿ. ಕಾರ್ಪೆಟ್ಟಿನ, ನೆಲದ, ಹಲಗೆಯ ಒಂದೊಂದು ತುಂಡು ಚೀಲದಲ್ಲಿ ಹಾಕಿಡಿ. ನಷ್ಟದ ಪತ್ರ 60 ದಿನದೊಳಗೆ ಇನ್ಶೂರೆನ್ಸ್‌ನವರಿಗೆ ಹೋಗಬೇಕು.

ಇಲ್ಲಿನದೋ, ನಮ್ಮ ಊರಿನದೋ, ಯಾವ ಕಡೆಯ ವ್ಯವಸ್ಥೆ ಮೇಲು? ಮುನ್ಸೂಚನೆ, 911, ಹಳ್ಳಗಳಲ್ಲಿ ನೀರು ಎಷ್ಟು ಏರಿದೆ ಅಂತ ಆನ್‌ಲೈನ್ ತೋರಿಸುವ ಮಾಪಕಗಳು, ಇದರಲ್ಲಿ ಇವರಿಗೆ ಸಾಟಿಯಿಲ್ಲ. ಜನರೂ ಕಡಿಮೆಯಿಲ್ಲ: ಹಾರ್ವೆಯಲ್ಲಿ ಲೂಸಿಯಾನಾದಿಂದ ಜನ ತಮ್ಮ ದೋಣಿ ಎಳೆದುಕೊಂಡು ಬಂದರು, ಮ್ಯಾಟ್ರೆಸ್ ಮ್ಯಾಕ್ ಅಂತ ಹೆಸರಾದ ವ್ಯಾಪಾರಿ ಜಿಮ್ ಮ್ಯಾಕಿಂಗ್‌ವೇಲ್ ತಮ್ಮ ಪೀಠೋಪಕರಣದ ಅಂಗಡಿಗಳನ್ನೇ ಸಂತ್ರಸ್ತರಿಗೆ ತೆರೆದರು. 2018ರಲ್ಲಿ ಕೊಡಗಿನ ಗಂಜಿ ಕೇಂದ್ರಗಳಿಗೆ ಊರೂರಿನಿಂದ ಅಕ್ಕಿ, ಕಂಬಳಿ ಹರಿದುಬಂದ ಹಾಗೇ. ಆದರೆ ಆಮೇಲಿನ ದುಡ್ಡಿನ ವಿಷಯದಲ್ಲಿ ನನಗೆ ನಮ್ಮ ಕಡೆಯದೇ ವಾಸಿ ಅನಿಸುತ್ತದೆ. ಪರಿಹಾರ ಕಡಿಮೆ, ತಡವೂ ಹೌದು, ಆದರೂ ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತಾಧಿಕಾರಿ) ಬಾಗಿಲಿಗೆ ಬಂದು ಹಾನಿ ಬರೆದುಕೊಳ್ಳುತ್ತಾರೆ. ಇಲ್ಲಿ ಎಲ್ಲ ಕಾಗದ ನಿಮ್ಮ ತಲೆಗೇ.

ಬಾಡಿಗೆಗೆ ಇರುವವರೂ ಕೇಳಿ. ನಿಮ್ಮ ರೆಂಟರ್ಸ್ ಇನ್ಶೂರೆನ್ಸ್‌ನಲ್ಲೂ ನೆರೆ ಇರುವುದಿಲ್ಲ. ಸಾಮಾನಿಗೆ ಮಾತ್ರ ಎನ್‌ಎಫ್‌ಐಪಿ ಪಾಲಿಸಿ ಸಿಗುತ್ತದೆ, ನೆಲಮಹಡಿಯಲ್ಲಿದ್ದರೆ ಮಾಡಿಸಿ. ಕಾರಿಗೆ ಕಾಂಪ್ರಹೆನ್ಸಿವ್, ಅಂದರೆ ನಮ್ಮ ಕಾರಿನ ಹಾನಿಗೂ ಕೊಡುವ ವಿಮೆ, ಇದ್ದರೆ ಮಾತ್ರ ನೆರೆಯ ದುಡ್ಡು ಬರುತ್ತದೆ. ಬೇರೆಯವರಿಗಾದ ನಷ್ಟಕ್ಕೆ ಮಾತ್ರ ಕೊಡುವ ಲಯಬಿಲಿಟಿ ಅಷ್ಟೇ ಇದ್ದರೆ, ಜೋರು ಮಳೆಯ ಎಚ್ಚರಿಕೆ ಬಂದ ಸಂಜೆ ಯಾವುದಾದರೂ ಪಾರ್ಕಿಂಗ್ ಗ್ಯಾರೇಜಿನ ಮೇಲಿನ ಮಹಡಿಗೆ ಕಾರು ಬಿಟ್ಟು ಬನ್ನಿ. ತಡಮಾಡಿದರೆ ಅಲ್ಲೂ ಜಾಗ ಇರುವುದಿಲ್ಲ.